ಉಳಿದುಹೋದ ಜರಡಿ

ಡಿಪೋದಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತು ಅಂತೇನಲ್ಲ, ಪಾಪ, ಪುಟ್ಟ ಪುಟ್ಟ ಕಿವಿಗಳೇ. ಎಡಗಿವಿಯ ಓಲೆ ಒಮ್ಮೆ ಯಾವುದೋ ಬಸ್ಸಿನ ಎಂಜಿನಿನೊಳಗೆ ಬಿದ್ದುಹೋಗಿ, ಹುಡುಕಿ ಹುಡುಕಿ ಸಾಕಾಗಿ, ಎಷ್ಟೋ ದಿನ ಒಂದೇ ಓಲೆಯಲ್ಲಿ ಓಡಾಡಿದವಳು. ಆ ಬಸ್ಸು ಈಗಲೂ ಅವಳ ಓಲೆ ಹೊತ್ತುಕೊಂಡು ಎಲ್ಲೋ ಓಡುತ್ತಿರಬೇಕು. ಅದಿರಲಿ. ಹೆಸರು ಬಂದದ್ದು ಕೆಲಸದಿಂದ. ಬಸ್ಸು ಕೆಟ್ಟು ನಿಂತರೆ ಉಳಿದವರು ಸ್ಪ್ಯಾನರು ಹಿಡಿದು ಅಡಿಗೆ ತೂರುತ್ತಿದ್ದರು. ಇವಳು ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಅಲ್ಲಿ ಒಂದಕ್ಕೊಂದು ಹೊಸೆದುಕೊಂಡಿರುವ ಎರಡು ತೆಳು ತಂತಿಗಳಿಗೆ ತನ್ನ ಲ್ಯಾಪ್‌ಟಾಪು ಸಿಕ್ಕಿಸಿ, ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಬಸ್ಸು ಒಳಗೊಳಗೇ ಏನು ಮಾತಾಡಿಕೊಳ್ಳುತ್ತಿದೆ ಎಂದು ಕೇಳಿಸಿಕೊಳ್ಳುವುದು ಅವಳ ರೀತಿ.

ಬಸ್ಸು ಮಾತಾಡುತ್ತದೆಯೇ ಎಂದರೆ, ಧಾರಾಳವಾಗಿ ಆಡುತ್ತದೆ. ಮಂದಿ ತುಂಬಿದ ಮನೆ ಇರುತ್ತದಲ್ಲ, ಹಾಗೆ. ನನ್ನನ್ನು ಒತ್ತಿದರು ಎನ್ನುತ್ತದೆ ಬ್ರೇಕು. ನಾನು ಮುಚ್ಚಿಕೊಂಡೆ ಎನ್ನುತ್ತದೆ ಬಾಗಿಲು. ನನ್ನಲ್ಲಿ ಇನ್ನು ಅರ್ಧವೇ ಉಳಿದಿದೆ ಎಂದು ಗೊಣಗುತ್ತದೆ ಬ್ಯಾಟರಿ. ಯಾರೂ ಯಾರನ್ನೂ ಹೆಸರಿಟ್ಟು ಕರೆಯುವುದಿಲ್ಲ. ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರೆ ಬೇಕಾದವರು ಕೇಳಿಸಿಕೊಳ್ಳುತ್ತಾರೆ, ಬೇಡದವರು ತಮ್ಮ ಪಾಡಿಗೆ ಇರುತ್ತಾರೆ. ಒಂದೊಂದು ಮಾತಿಗೂ ಮುಂದೆ ಒಂದು ನಂಬರು ಇರುತ್ತದೆ, ಆ ನಂಬರು ನೋಡಿದರೆ ಇದು ಬಾಗಿಲಿನದು, ಇದು ಬ್ರೇಕಿನದು ಎಂದು ತಿಳಿಯುತ್ತದೆ. ಇಷ್ಟೂ ಗಲಾಟೆ ಆ ಎರಡೇ ತಂತಿಗಳ ಮೇಲೆ. ಷೆಡ್ಡಿನವರು ಅದಕ್ಕೆ ಕ್ಯಾನ್ ಲೈನು ಎನ್ನುತ್ತಿದ್ದರು.

ಲ್ಯಾಪ್‌ಟಾಪು ಡಿಪೋದ ಆಫೀಸಿನವರು ಕಸಕ್ಕೆ ಹಾಕಿದ್ದದ್ದು. ಅದರಲ್ಲಿ ಮೊದಲಿದ್ದ ವ್ಯವಸ್ಥೆ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಕಿವಿಯಕ್ಕ ಅದನ್ನು ಅಳಿಸಿ ಲಿನಕ್ಸ್ ಹಾಕಿದಳು. ಯಾವ್ಯಾವುದೋ ಮೂಲೆಯ ಜನ ಸೇರಿ ಬರೆದು, ಬೇಕಾದವರು ತೆಗೆದುಕೊಳ್ಳಿ, ಬಿಚ್ಚಿ ನೋಡಿ, ಸರಿಯಿಲ್ಲದಿದ್ದರೆ ತಿದ್ದಿಕೊಳ್ಳಿ ಎಂದು ಬಿಟ್ಟಿರುವ ವ್ಯವಸ್ಥೆ ಅದು. ಇಂಟರ್‌ನೆಟ್ಟು ಒಂದು ಜಾಲವಾದರೆ ಬಸ್ಸಿನ ಲೈನೂ ಇನ್ನೊಂದು ಜಾಲ ಎಂದು ಅದು ಒಪ್ಪಿಕೊಳ್ಳುತ್ತದೆ. ಒಂದು ಸಾಲು ಬೆರಳಚ್ಚಿಸಿದರೆ ಸಾಕು, ಬಸ್ಸಿನ ಮಾತೆಲ್ಲ ಪರದೆಯ ಮೇಲೆ ಸುರಿಯುತ್ತದೆ. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಜನರೆಲ್ಲ ಒಬ್ಬರಿಗೊಬ್ಬರು ಬರೆದುಕೊಳ್ಳುವ ಜಾಗವೊಂದಿತ್ತು, ಅಲ್ಲಿ ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಯಾವುದೋ ದೂರದ ದೇಶದ ಮುದುಕರೊಬ್ಬರು ತಪ್ಪದೆ ಉತ್ತರ ಬರೆಯುತ್ತಿದ್ದರು. ಫೋಟೋದಲ್ಲಿ ಎದೆತನಕ ಗಡ್ಡ. ಇವಳು ಮನೆಯಲ್ಲಿ ಅವರನ್ನು ಗಡ್ಡದಜ್ಜ ಎನ್ನುತ್ತಿದ್ದಳು. ಅಜ್ಜನ ಇಂಗ್ಲಿಷೂ ಮುರುಕೇ ಆದ್ದರಿಂದ ಇಬ್ಬರಿಗೂ ಸಂಕೋಚವಿರಲಿಲ್ಲ.

“ಬೇರೆಯವರ ಮನೆ ಮಾತು ಕದ್ದು ಕೇಳೋದ್ರಲ್ಲಿ ನೀನು ನನ್ನ ಹೆಂಡ್ತಿನೂ ಮೀರಿಸ್ತೀಯ ಕಣಮ್ಮ” ಎನ್ನುತ್ತಿದ್ದ ಷೆಡ್ಡಿನ ಮೇಸ್ತ್ರಿ. ಮಾತು ಹಾಗಾದರೂ, ಅವಳು ಮೆಟ್ಟಿಲ ಮೇಲೆ ಕೂತಾಗ ಸುತ್ತಿಗೆ ಬಡಿಯುವುದನ್ನು ನಿಲ್ಲಿಸುತ್ತಿದ್ದವನೂ ಅವನೇ. ಬಡಿದರೆ ಕೇಳಿಸುವುದಿಲ್ಲವೇನೋ ಎಂದು ಅವನ ಎಣಿಕೆ. ಅವಳು ತಿದ್ದಲು ಹೋಗಿರಲಿಲ್ಲ.

ಇನ್ನು ಅಣ್ಣನ ವಿಷಯಕ್ಕೆ ಬರಬೇಕು. ಅಣ್ಣನ ಎಡಗಾಲಿನ ವಿಷಯ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಅಪ್ಪ ಹೋದಾಗ ಕಿವಿಯಕ್ಕನಿಗೆ ಎರಡು ಜಡೆ ಹಾಕುವ ವಯಸ್ಸು. ಓದಿಸಿದವನು, ಎಲೆಕ್ಟ್ರಿಕಲ್ ಕೋರ್ಸಿಗೆ ಸೇರಿಸಿದವನು, ಜಡೆ ಹಾಕಲು ಬಾರದೆ ಬಾಬ್ ಕಟ್ ಮಾಡಿಸಿ ತಂದವನು ಅಣ್ಣ. ಆಗ ಅವನು ದೊಡ್ಡ ಬಸ್ಸು ಓಡಿಸುತ್ತಿದ್ದ. ಕಾಲೇಜಿನ ಮುಂದೆ ಸ್ಟಾಪಿರಲಿಲ್ಲ, ಆದರೂ ದಿನವೂ ಬ್ರೇಕು ಹಾಕಿ ತಂಗಿಯನ್ನು ಇಳಿಸುತ್ತಿದ್ದ. ಯಾರಾದರೂ ಗೊಣಗಿದರೆ, ಎಂಜಿನು ಬಿಸಿಯಾಗಿದೆ ಸ್ವಾಮಿ, ಎರಡು ನಿಮಿಷ ಎನ್ನುತ್ತಿದ್ದ. ಚಳಿಗಾಲದ ಬೆಳಗ್ಗೆಯೂ ಅದೇ ಉತ್ತರ.

ಒಂದು ದಿನ ಟೈರು ಬದಲಿಸುವಾಗ ಜಾಕಿ ಜಾರಿತು. ಚಕ್ರ ಎಡಗಾಲಿನ ಮೇಲೆ ಬಂತು. ಮೂಳೆ ಕೂಡಿತು, ಶಕ್ತಿ ಕೂಡಲಿಲ್ಲ. ನಡೆಯುತ್ತಿದ್ದ, ಕುಂಟುತ್ತಿದ್ದ, ಆದರೆ ಕ್ಲಚ್ಚು ಒತ್ತಿ ಹಿಡಿಯಲು ಆ ಪಾದಕ್ಕೆ ಆಗುತ್ತಿರಲಿಲ್ಲ. ಕ್ಲಚ್ಚು ಒತ್ತಲಾಗದ ಡ್ರೈವರನ್ನು ಇಟ್ಟುಕೊಂಡು ಯಾರು ಏನು ಮಾಡುತ್ತಾರೆ.

ಆಮೇಲಿನ ಎರಡು ವರ್ಷ ಅಣ್ಣ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಳೆದ. ಹಳೆಯ ಮರದ ಕುರ್ಚಿ, ಒಂದು ಕೈ ಸಡಿಲ. ಮೊದಮೊದಲು ರಸ್ತೆಯಲ್ಲಿ ಹೋಗುವ ಬಸ್ಸು ನೋಡಿ ಲೇಟು, ಲೇಟು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅದು ನಿಂತಿತು. ಆಮೇಲೆ ಗಡ್ಡ ಬೋಳಿಸಿಕೊಳ್ಳುವುದು ನಿಂತಿತು. ಕೊನೆಗೆ ಒಂದು ದಿನ ಅತ್ತಿಗೆ ಸಂತೆಯಿಂದ ಬಂದು ನೋಡುತ್ತಾಳೆ, ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದಾನೆ. ಅತ್ತಿಗೆ ಸುಮ್ಮನಿರುವ ಹೆಂಗಸಲ್ಲ, ಮಾತಿನಲ್ಲಿ ಮೆಣಸಿನಕಾಯಿ. ಅವಳೂ ಆ ದಿನ ಚೀಲ ಕೆಳಗಿಟ್ಟು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕಿವಿಯಕ್ಕ ಹಿಂದಿನ ರೂಮಿನಲ್ಲಿದ್ದಳು. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು ಇದ್ದದ್ದು ಅವಳಿಗೆ ಕೇಳಿತು.

ಅಂಥ ಹೊತ್ತಿನಲ್ಲಿ ಬಂದವು ಆ ಸಣ್ಣ ಬ್ಯಾಟರಿ ಬಸ್ಸುಗಳು. ದೊಡ್ಡಾಸ್ಪತ್ರೆಯ ಹಿಂದಿನ ಇಕ್ಕಟ್ಟು ಬೀದಿಗಳಿಗೆಂದು ತರಿಸಿದವು. ಕ್ಲಚ್ಚಿಲ್ಲ, ಗೇರಿಲ್ಲ, ಬಲಗಾಲು ಒಂದಿದ್ದರೆ ಸಾಕು. ಕಿವಿಯಕ್ಕ ಮ್ಯಾನೇಜರ ಬಾಗಿಲಲ್ಲಿ ನಿಂತು ನಿಂತು ಅಣ್ಣನಿಗೆ ಒಂದನ್ನು ಕೊಡಿಸಿದಳು. ಅಣ್ಣ ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟ. ಹಳದಿ ಬಟ್ಟೆಯೊಂದನ್ನು ಕೊಂಡು ತಂದು ಅದರ ಗಾಜು ಒರೆಸುವುದಕ್ಕೆಂದೇ ಇಟ್ಟುಕೊಂಡ, ಆ ಬಟ್ಟೆಯಲ್ಲಿ ಬೇರೆ ಯಾರೂ ಕೈ ಒರೆಸುವಂತಿರಲಿಲ್ಲ. ಮೊದಲ ದಿನ ಅವನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅತ್ತಿಗೆ ಏಣಿ ಹಾಕಿ ಕುರ್ಚಿಯನ್ನು ಅಟ್ಟಕ್ಕೆ ಏರಿಸಿದ್ದಳು.

“ಇನ್ನು ಇದರ ಮುಖ ನಾನು ನೋಡಲ್ಲ. ನೀವೂ ನೋಡ್ಬೇಡಿ” ಎಂದಳು.

ಅಣ್ಣ ಮೇಲೆ ನೋಡಿ, “ಸದ್ಯ, ನನ್ನನ್ನ ಅದರ ಜೊತೆ ಏರಿಸ್ಲಿಲ್ಲ” ಎಂದ. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅವನ ನಗೆಮಾತು ಕೇಳಿದ್ದು ಅಂದೇ.

ಗುಬ್ಬಿಗಳನ್ನು ಮಾಡಿದ ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಫೋನು ಮಾಡಿದರೆ ಸಂಗೀತ ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ. ಒಂದೊಂದೇ ಬಸ್ಸು ಕೆಟ್ಟು ಗುಜರಿಗೆ ಹೋಯಿತು. ಕೊನೆಗೆ ಉಳಿದದ್ದು ಅಣ್ಣನದೊಂದೇ. ಅಣ್ಣ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಓಡಿಸುತ್ತಿದ್ದ. ಎಲ್ಲಿ ನೋವು ಎಂದು ಕಿವಿಯಕ್ಕ ಕೇಳಿ ಕೇಳಿ ಸರಿಮಾಡುತ್ತಿದ್ದಳು. ಒಮ್ಮೆ ವೇಗದ ಮುಳ್ಳು ಸುಮ್ಮಸುಮ್ಮನೆ ಕುಣಿಯತೊಡಗಿತು. ಅಂಗೈಯಗಲದ ಪುಟ್ಟ ಕಂಪ್ಯೂಟರೊಂದಕ್ಕೆ ಅದೇ ಲಿನಕ್ಸ್ ಹಾಕಿ, ವಾರವೆಲ್ಲ ಬಸ್ಸಿನೊಳಗಿಟ್ಟು, ಎಲ್ಲಿ ಮಾತು ತೊದಲುತ್ತಿದೆ ಎಂದು ಹಿಡಿದು, ಚಕ್ರದ ಬಳಿ ಸವೆದ ತಂತಿಯೊಂದನ್ನು ಬದಲಿಸಿದಳು. ಮುಳ್ಳು ತೆಪ್ಪಗಾಯಿತು. ಪುಟ್ಟ ಕಂಪ್ಯೂಟರು ಡ್ರಾಯರು ಸೇರಿತು.

ಆಮೇಲೆ ಬಂತು ದೊಡ್ಡ ರೋಗ.

ಬ್ಯಾಟರಿಗೆ ಒಂದು ಕಾವಲು ಪೆಟ್ಟಿಗೆ ಇರುತ್ತದೆ. ಬೆಳಗ್ಗೆ ಕೀ ತಿರುಗಿಸಿದ ಕೂಡಲೇ ಮೋಟಾರು ಅದನ್ನು ಒಂದು ಪ್ರಶ್ನೆ ಕೇಳುತ್ತದೆ, ನೀನು ನಮ್ಮವನೇ ತಾನೇ ಎನ್ನುವಂತೆ. ಪೆಟ್ಟಿಗೆ ಉತ್ತರ ಕೊಡುತ್ತದೆ. ಸರಿಯಾಗಿದ್ದರೆ ಒಳಗೆಲ್ಲೋ ಠಕ್ ಎಂದು ದಪ್ಪ ಸ್ವಿಚ್ಚೊಂದು ಕೂಡಿ ಬಸ್ಸಿಗೆ ಜೀವ ಬರುತ್ತದೆ. ಪ್ರಶ್ನೆ ದಿನಕ್ಕೊಂದು, ಉತ್ತರವೂ ದಿನಕ್ಕೊಂದು. ಗುಬ್ಬಿಯ ಪೆಟ್ಟಿಗೆ ಮುದಿಯಾಗಿತ್ತು. ಕೆಲವು ದಿನ ಬೆಳಗ್ಗೆ ಮೂರು ಸಲ ಕೇಳಿದ ಮೇಲೆ ಉತ್ತರ ಕೊಡುತ್ತಿತ್ತು. ಮಾರುಕಟ್ಟೆಯಲ್ಲಿ ಬೇರೆ ಕಾವಲು ಪೆಟ್ಟಿಗೆ ಸಿಗುತ್ತಿತ್ತು, ಕಾವಲನ್ನೂ ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಗುಬ್ಬಿಯ ಪ್ರಶ್ನೆಗೆ ಉತ್ತರ ಅದಕ್ಕೆ ಗೊತ್ತಿರಲಿಲ್ಲ.

ಕಿವಿಯಕ್ಕ ಒಂದು ಉಪಾಯ ಹೂಡಿದಳು. ಹೊಸ ಪೆಟ್ಟಿಗೆಯನ್ನು ತರುವುದು, ಅದಕ್ಕೂ ಬಸ್ಸಿಗೂ ನಡುವೆ ಆ ಪುಟ್ಟ ಕಂಪ್ಯೂಟರನ್ನು ದುಭಾಷಿಯ ಹಾಗೆ ಕೂರಿಸುವುದು, ಉತ್ತರ ಅದರ ಬಾಯಿಂದ ಹೇಳಿಸುವುದು. ಉತ್ತರ ಹೊಸೆಯುವ ಲೆಕ್ಕ ಗೊತ್ತಾಗಬೇಕಾದರೆ ತುಂಬ ಬೆಳಗುಗಳ ಪ್ರಶ್ನೆ, ಉತ್ತರ ಎರಡೂ ಬೇಕು. ಹಳೆಯದು ಬದುಕಿರುವಾಗಲೇ ಕೇಳಿಟ್ಟುಕೋ ಮಗಳೇ, ಬೆಳಗುಗಳು ಎಷ್ಟಿದ್ದರೂ ಕಡಿಮೆಯೇ, ಎಂದು ಗಡ್ಡದಜ್ಜ ಬರೆದರು. ಲೆಕ್ಕ ಬಿಡಿಸುವುದಕ್ಕೆ ತಾವೂ ಕೂರುವುದಾಗಿ ಹೇಳಿದರು.

ಡ್ರಾಯರಿನಿಂದ ಪುಟ್ಟ ಕಂಪ್ಯೂಟರು ಹೊರಬಂತು. ಹಳೆಯ ಟ್ಯೂಬು ಕತ್ತರಿಸಿದ ರಬ್ಬರಿನಿಂದ ಅದನ್ನು ಅಣ್ಣನ ಸೀಟಿನ ಹಿಂದೆ ಕಟ್ಟಿದಳು. ಕೀ ತಿರುಗಿಸಿದರೆ ತಾನೇ ಎಚ್ಚರಗೊಂಡು, ತಾನೇ ಬರೆದುಕೊಂಡು, ಕೀ ತೆಗೆದರೆ ತಾನೇ ಮಲಗುತ್ತಿತ್ತು. ಮೊದಲ ದಿನ ಅದಕ್ಕೆ ಲ್ಯಾಪ್‌ಟಾಪು ಸಿಕ್ಕಿಸಿ ನೋಡಿದಳು. ವೇಗದ ನಂಬರು ಓಡುತ್ತಿತ್ತು, ಬ್ರೇಕಿನದು ಓಡುತ್ತಿತ್ತು. ಕೆಲಸ ಮಾಡುತ್ತಿದೆ ಎಂದು ಮುಚ್ಚಳ ಹಾಕಿದಳು. ಆಮೇಲೆ ಷೆಡ್ಡಿನಲ್ಲಿ ದೊಡ್ಡ ಬಸ್ಸುಗಳ ಸಾಲು, ಹೊಸ ಪೆಟ್ಟಿಗೆಗೆ ಮ್ಯಾನೇಜರನ್ನು ಒಪ್ಪಿಸುವ ಓಡಾಟ. ಆಗಾಗ ಬಂದು ಅದರ ಮೆಮೊರಿ ಕಾರ್ಡಿನಲ್ಲಿ ಫೈಲು ಬೆಳೆದಿದೆಯೇ ಎಂದು ನೋಡುತ್ತಿದ್ದಳು. ಬೆಳೆದಿರುತ್ತಿತ್ತು. ಚಳಿ ಹೋಗಿ ಬಿಸಿಲು ಏರುವವರೆಗೂ ಕೆಂಪು ದೀಪ ಮಿಣುಕುತ್ತಲೇ ಇತ್ತು.

ಅಣ್ಣ ಅದಕ್ಕೂ ಸಲಿಗೆ ಬೆಳೆಸಿಕೊಂಡ. ಬೆಳಗ್ಗೆ ಹತ್ತುವಾಗ, “ಏನಪ್ಪಾ ಶಾನುಭೋಗ, ಎದ್ಯಾ?” ಎನ್ನುತ್ತಿದ್ದ. ಹತ್ತುವ ಆಸ್ಪತ್ರೆಯ ಆಯಾಗಳು ಇವನಿಗೆ ಕಾಲಷ್ಟೇ ಅಲ್ಲ ತಲೆಯೂ ಹೋಗಿದೆ ಎಂದು ನಗುತ್ತಿದ್ದರು.

ಪೆಟ್ಟಿಗೆ ಸತ್ತದ್ದು ಒಂದು ಸಾಧಾರಣ ಬೆಳಗ್ಗೆ, ಆಸ್ಪತ್ರೆಯ ಎದುರಿನ ಸ್ಟ್ಯಾಂಡಿನಲ್ಲಿ. ಜನ ಹತ್ತಿ ಕೂತಿದ್ದರು. ಅಣ್ಣ ಕೀ ತಿರುಗಿಸಿದ, ಠಕ್ ಬರಲಿಲ್ಲ. ಮತ್ತೆ ತಿರುಗಿಸಿದ. ಜನ ಇಳಿದು ಹೋದ ಮೇಲೂ ತಿರುಗಿಸಿದ. ಕೊನೆಗೆ ಬಸ್ಸನ್ನು ಎಳೆದು ಡಿಪೋಗೆ ತಂದರು. ಮ್ಯಾನೇಜರು ಒಳ್ಳೆಯವರೇ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಓಡಿದರೆ ಓಡಿತು, ಇಲ್ಲದಿದ್ದರೆ ಗುಜರಿಗೆ ಬರೆಯುತ್ತೇನೆ, ನನ್ನ ಕೈಯಲ್ಲಿ ಇಷ್ಟೇ ಇರುವುದು ಎಂದರು.

ಕಿವಿಯಕ್ಕನಿಗೆ ಅಂದು ಒಂದಿಷ್ಟೂ ಅಂಜಿಕೆಯಿರಲಿಲ್ಲ. ಬೇಕಾದಷ್ಟು ಬೆಳಗುಗಳು ಕೈಯಲ್ಲಿವೆ ಎಂಬ ಧೈರ್ಯ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಮೊದಲ ಫೈಲು ತೆರೆದಳು.

ವೇಗದ ನಂಬರು ಇತ್ತು. ಬ್ರೇಕಿನದು ಇತ್ತು. ಎಷ್ಟು ಉಳಿದಿದೆ ಎನ್ನುವ ಬ್ಯಾಟರಿಯ ಗೊಣಗಾಟ ಇತ್ತು. ಕೆಳಗೆ ಸರಿಸಿದಳು, ಅವೇ ಮೂರು. ಇನ್ನೊಂದು ದಿನದ್ದು ತೆರೆದಳು, ಅವೇ ಮೂರು. ಬಾಗಿಲು ಇಲ್ಲ, ದೀಪ ಇಲ್ಲ, ಮೋಟಾರಿನ ಪ್ರಶ್ನೆ ಇಲ್ಲ, ಪೆಟ್ಟಿಗೆಯ ಉತ್ತರ ಇಲ್ಲ. ಕಾರಣ ಹುಡುಕಬೇಕಾಗಿಯೂ ಇರಲಿಲ್ಲ. ವೇಗದ ಮುಳ್ಳು ಕುಣಿದಾಗ ಅವಳೇ ಆ ಕಂಪ್ಯೂಟರಿಗೆ ಒಂದು ಜರಡಿ ಹಾಕಿದ್ದಳು. ಎಲ್ಲ ಮಾತು ಬರೆದರೆ ಕಾರ್ಡು ಬೇಗ ತುಂಬುತ್ತದೆ, ಬೇಕಾದ ಮೂರು ನಂಬರು ಮಾತ್ರ ಒಳಗೆ ಬಿಡು ಎಂದು. ಪ್ರತಿ ಸಲ ಹೇಳುವ ರಗಳೆ ಬೇಡವೆಂದು, ಎಚ್ಚರವಾದಾಗಲೆಲ್ಲ ಜರಡಿ ತಾನೇ ಬಂದು ಕೂರಲಿ ಎಂದು ಒಂದು ಸಾಲು ಬರೆದಿಟ್ಟಿದ್ದಳು. ಆ ಸಾಲು ಅಲ್ಲೇ ಇತ್ತು. ಅವಳ ಕೈಯಿಂದ ಬರೆದದ್ದು, ಅಚ್ಚುಕಟ್ಟಾಗಿ. ಚಳಿಗಾಲವೆಲ್ಲ ಅದು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಅಣ್ಣ ಗುಬ್ಬಿಯೊಳಗೇ ಇದ್ದ. ನಿಂತ ಬಸ್ಸಿನ ಗಾಜನ್ನು ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದ. ಅವಳು ಹೋಗಿ ಮೆಟ್ಟಿಲ ಮೇಲೆ ನಿಂತಳು.

“ಅಣ್ಣಾ, ಸ್ವಲ್ಪ ಕೂತ್ಕೋ.”

“ಕೂತೇ ಇದೀನಲ್ಲೇ. ಡ್ರೈವರಿಗೆ ಕೂರೋದೇ ಕೆಲಸ.”

“ರೆಕಾರ್ಡು ಇಲ್ಲ.”

“ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ. ಬರ್ಲೇ ಇಲ್ಲ. ಹಿಂದೆ ಮುಳ್ಳು ಕೆಟ್ಟಾಗ ನಾನೇ ಜರಡಿ ಹಾಕಿದ್ದೆ. ತೆಗೆಯೋದು ಮರೆತೆ.”

ಅಣ್ಣ ಒಂದೇ ಜಾಗವನ್ನು ಒರೆಸುತ್ತಾ ಇದ್ದ. “ಅಂದ್ರೆ ಅದು ದಿನಾ ಮಾತಾಡ್ತಾ ಇತ್ತು. ನಾವು ಕೇಳಿಸ್ಕೊಳ್ಳಲಿಲ್ಲ.”

“ನಾವಲ್ಲ. ನಾನು.”

“ನಿಮ್ಮತ್ತಿಗೆ ನನಗೆ ಹೇಳೋದೂ ಇದನ್ನೇ” ಎಂದ. ನಗೆಮಾತೇ, ಆದರೆ ಬಾಯಲ್ಲೇ ನಿಂತಿತು, ಮುಖದವರೆಗೆ ಬರಲಿಲ್ಲ.

ಅವನು ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕವಳಿದ್ದಾಗ ಅವನ ರೇಡಿಯೋ ಬಿಚ್ಚಿ ಹಾಳುಮಾಡಿದ್ದಕ್ಕೆ ಬೀದಿಯುದ್ದಕ್ಕೂ ಓಡಿಸಿಕೊಂಡು ಹೋಗಿದ್ದ. ಆಗ ಎರಡು ಕಾಲೂ ನೆಟ್ಟಗಿದ್ದವು.

ಉಳಿದ ದಿನಗಳಲ್ಲಿ ಅವಳು ಮಾಡದೆ ಬಿಟ್ಟದ್ದಿಲ್ಲ. ಜರಡಿ ತೆಗೆದು ಹಾಕಿದಳು. ಈಗ ಕೀ ತಿರುಗಿಸಿದರೆ ಮೋಟಾರಿನ ಪ್ರಶ್ನೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. ದಿನಕ್ಕೊಂದು ಪ್ರಶ್ನೆ, ಉತ್ತರ ಹೇಳುವವರಿಲ್ಲ. ಊಹಿಸಿ ಉತ್ತರ ಕಳಿಸಿದಳು. ಕೆಲವು ತಪ್ಪಾದ ಕೂಡಲೇ ಮೋಟಾರು ಮುನಿಸಿಕೊಂಡು ಗಂಟೆಗಟ್ಟಲೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಸತ್ತ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಳು, ಒಳಗೆ ನೀರಿಳಿದು ಹಸಿರು ಕಿಲುಬು ಕಟ್ಟಿ, ಉತ್ತರದ ಲೆಕ್ಕ ಇದ್ದ ಚಿಪ್ ಸುಟ್ಟು ಕಪ್ಪಾಗಿತ್ತು. ಗುಜರಿಯವನ ಬಳಿ ಹೋಗಿ ಹಳೆಯ ಗುಬ್ಬಿಗಳ ಪೆಟ್ಟಿಗೆ ಏನಾದರೂ ಉಂಟೇ ಎಂದು ಕೇಳಿದಳು. ಅವನು ಪಾಪ ಎಲ್ಲ ಕಡೆ ಹುಡುಕಿದ. ಅವೆಲ್ಲ ಎಂದೋ ಕರಗಿ ಏನೇನೋ ಆಗಿ ಹೋಗಿದ್ದವು.

ಗಡ್ಡದಜ್ಜನಿಗೆ ನಡೆದದ್ದನ್ನೆಲ್ಲ ಬರೆದಳು. ಅಜ್ಜ ಎಂದೂ ತಡಮಾಡಿದವರಲ್ಲ, ಈ ಸಲ ಎರಡು ದಿನ ತಡವಾಯಿತು. ಪ್ರಶ್ನೆಗಳು ಮಾತ್ರ ಇದ್ದರೆ ಏನೂ ಮಾಡಲಾಗುವುದಿಲ್ಲ ಮಗಳೇ, ಬೇರೆಯವರನ್ನೂ ಕೇಳಿದೆ, ಅವರೂ ಅದೇ ಹೇಳಿದರು ಎಂದು ಬರೆದಿದ್ದರು. ತಾವೂ ಒಮ್ಮೆ ಹೀಗೇ ಜರಡಿ ಮರೆತಿದ್ದಾಗಿ ಕೆಳಗೆ ಒಂದು ಸಾಲು. ಸಮಾಧಾನಕ್ಕೆ ಬರೆದದ್ದೋ, ನಿಜವೋ. ಅವಳಿಗೆ ಅದನ್ನು ಓದಿ ಸಮಾಧಾನವಾಗಲಿಲ್ಲ.

ಗೇಟಿನಲ್ಲಿ ಕೂರುವ ಕೆಲಸವಾದರೂ ಇದೆಯೇ ಎಂದು ಮ್ಯಾನೇಜರನ್ನು ಕೇಳಿದಳು. ಗೇಟನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟಾಗಿತ್ತು. ಟಿಕೆಟ್ಟಿನ ಜಾಗಕ್ಕೆ ಯಂತ್ರ ಬಂದಾಗಿತ್ತು. ಹೊಸ ಬ್ಯಾಟರಿ ಬಸ್ಸು ತರಿಸುತ್ತೀರಾ ಎಂದಳು. ಅವರು ಮೇಜಿನ ಮೇಲಿದ್ದ ಕನ್ನಡಕ ತೆಗೆದು ಹಾಕಿಕೊಂಡು, ಮತ್ತೆ ತೆಗೆದಿಟ್ಟರು. ಅದೇ ಅವರ ಉತ್ತರ.

ಗುಜರಿಗೆ ಎಳೆದುಕೊಂಡು ಹೋಗುವ ದಿನ ಬಂತು. ಮುಂದೆ ಲಾರಿ, ಹಿಂದೆ ಕಬ್ಬಿಣದ ಸರಳಿನಿಂದ ಕಟ್ಟಿದ ಗುಬ್ಬಿ. ಹಿಂದಿನ ಬಸ್ಸಿನ ಸ್ಟೇರಿಂಗು ಹಿಡಿಯಲು ಒಬ್ಬರು ಬೇಕಲ್ಲ, ಮೇಸ್ತ್ರಿ ಅಣ್ಣನ ಮುಖ ನೋಡದೆ ಬೇರೆ ಯಾರನ್ನೋ ಕರೆಯಲು ಹೋದ. ಅಣ್ಣ ಅಷ್ಟರಲ್ಲಿ ಹತ್ತಿ ಕೂತಿದ್ದ. ಖಾಕಿ ಅಂಗಿ ಇಸ್ತ್ರಿಯಾಗಿತ್ತು. ಕಿವಿಯಕ್ಕ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಾಕೆ ತಂದಳೋ, ಅವಳಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿ ಅಭ್ಯಾಸವಿರಲಿಲ್ಲ, ಅಷ್ಟೇ.

ದೀಪಗಳಿಗಿರುವ ಸಣ್ಣ ಬ್ಯಾಟರಿಯಲ್ಲಿ ಇನ್ನೂ ಜೀವವಿತ್ತು, ಹಾಗಾಗಿ ಲೈನಿನಲ್ಲಿ ಮಾತೂ ಇತ್ತು. ಪವರು ಇಲ್ಲದ ಸ್ಟೇರಿಂಗು ಬಂಡೆಯಷ್ಟು ಭಾರ, ಅಣ್ಣ ಎರಡು ಕೈಯಲ್ಲಿ ಹೆಣಗುತ್ತಿದ್ದ. ಆಸ್ಪತ್ರೆಯ ತಿರುವು ಬಂದಾಗ ಅಭ್ಯಾಸಬಲದಿಂದ ಇಂಡಿಕೇಟರು ಹಾಕಿದ. ಪರದೆಯ ಮೇಲೆ ಅದರ ನಂಬರು ಬಂತು.

“ಏನಂತೆ?” ಎಂದ ಅಣ್ಣ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

“ಎಡಕ್ಕೆ ತಿರುಗ್ತಿದೀವಿ ಅಂತಿದೆ.”

“ಇನ್ನೇನಂತೆ?”

“ಬಾಗಿಲು ಮುಚ್ಚಿದೆ ಅಂತೆ. ಬ್ರೇಕು ಸರಿಯಿದೆ ಅಂತೆ.” ಅವಳು ಅಲ್ಲಿಗೆ ನಿಲ್ಲಿಸಿದಳು. ಮೋಟಾರು ಅಂದಿನ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಲೇ ಇತ್ತು. ಅದನ್ನು ಹೇಳಲಿಲ್ಲ.

ಗುಬ್ಬಿಯನ್ನು ಅಲ್ಲಿ ಬಿಟ್ಟು ದೊಡ್ಡ ಬಸ್ಸಿನಲ್ಲಿ ಮನೆಗೆ ಬಂದರು. ಅಣ್ಣ ಡ್ರೈವರ ಹಿಂದಿನ ಸೀಟಿನಲ್ಲಿ ಕೂತ. ಪ್ರತಿ ಸ್ಟಾಪು ಹತ್ತಿರ ಬಂದಾಗಲೂ ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಮನೆಯ ಸ್ಟಾಪು ಬರುವ ಹೊತ್ತಿಗೆ ಅದೂ ಸುಮ್ಮನಾಗಿತ್ತು.

ಅತ್ತಿಗೆ ಬಾಗಿಲು ತೆಗೆದಳು. ಕಾಲಿಗೆ ನೀರು ಕೊಟ್ಟಳು, ಟವೆಲು ಕೊಟ್ಟಳು. ಅಣ್ಣ ಕಿಟಕಿಯ ಪಕ್ಕದ ಖಾಲಿ ಜಾಗದಲ್ಲಿ ನಿಂತು ಹೊರಗೆ ನೋಡಿದ. ಆಮೇಲೆ ಅಟ್ಟದ ಕಡೆ ನೋಡಿದ.

“ಏಣಿ ಎಲ್ಲಿಟ್ಟಿದೀಯ?” ಎಂದ.

ಅತ್ತಿಗೆ ಕೇಳಿಸದವಳ ಹಾಗೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು.

ಅಣ್ಣ ಹಿತ್ತಲಿಗೆ ಹೋಗಿ ಏಣಿಯನ್ನು ತಾನೇ ಎಳೆದು ತಂದು ಒರಗಿಸಿದ. ಬಲಗಾಲಿಟ್ಟು ಒಂದು ಮೆಟ್ಟಿಲು ಏರಿದ. ಎಡಗಾಲು ಮೇಲೆ ಬರಲಿಲ್ಲ. ಹಾಗೇ ಹಿಡಿದುಕೊಂಡು ನಿಂತ. ಕಿವಿಯಕ್ಕ ನೋಡುತ್ತಾ ನಿಂತಳು, ಇನ್ನೂ ನೋಡಿದಳು, ಆಮೇಲೆ ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟಳು.

“ಇಳಿ ಅಣ್ಣಾ. ನಾನು ಕೊಡ್ತೀನಿ.”

ಅವನು ಇಳಿದು ಏಣಿಯನ್ನು ಭದ್ರವಾಗಿ ಹಿಡಿದ. ಅವಳು ಹತ್ತಿದಳು. ಕುರ್ಚಿಯ ಮೇಲೆ ಬೆರಳ ದಪ್ಪ ಧೂಳು, ಸಡಿಲ ಕೈ ಇನ್ನಷ್ಟು ಸಡಿಲವಾಗಿತ್ತು. ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಅಣ್ಣ ಅದನ್ನು ತೆಗೆದುಕೊಂಡು ಕಿಟಕಿಯ ಪಕ್ಕ ಇಟ್ಟು, ಜೇಬಿನಿಂದ ಹಳದಿ ಬಟ್ಟೆ ತೆಗೆದು ಒರೆಸತೊಡಗಿದ.